ಏಳನೆಯ ಜೊತೆ ಕಾಲು

ನ್ಯೂಜಿಲೆಂಡ್ ಇನ್‌ಸ್ಟಿಟ್ಯೂಟಿನ ವಾರ್ಷಿಕ ನಡಾವಳಿಯ 14ನೆಯ ಸಂಪುಟ 1882ರಲ್ಲಿ ಹೊರಬಂತು. ಅದರ ಕೆಲವು ಪುಟಗಳಲ್ಲಿ, ಬಾವಿಯ ನೀರಿನೊಡನೆ ಮೇಲೆ ಬಂದ ಒಂದು ಬಿಳಿಯ ಜೀವಿಗೆ ನಾಮಕರಣವಾಗಿದೆ: ಕ್ರುರೆಜೆನ್ಸ್ ಫಾಂಟಾನಸ್. ಲ್ಯಾಟಿನ್‌ನಲ್ಲಿ ಕ್ರುಸ್ ಎಂದರೆ ಕಾಲು, ಎಜೆನ್ಸ್ ಎಂದರೆ ಕೊರತೆಯುಳ್ಳದ್ದು, ಫಾಂಟಾನಸ್ ಎಂದರೆ ಒರತೆಗೆ ಸೇರಿದ್ದು. ಕನ್ನಡದಲ್ಲಿ ಹೇಳುವುದಾದರೆ ‘ಕಾಲು ಸಾಲದ ಒರತೆವಾಸಿ’. ಹೆಸರಿಟ್ಟವನು ಚಾರ್ಲ್ಸ್ ಚಿಲ್ಟನ್. ಆಗ ಅವನಿಗೆ ಇಪ್ಪತ್ತೊಂದರ ಆಸುಪಾಸು. ಚಿಕ್ಕಂದಿನಲ್ಲೇ ಸೊಂಟದ ಕಾಯಿಲೆ ಹತ್ತಿ, ಎಡಗಾಲನ್ನು ಕತ್ತರಿಸಬೇಕಾಗಿ ಬಂದು, ಮುಂದೆ ಬದುಕಿಡೀ ಕೃತಕ ಕಾಲು ಮತ್ತು ಊರುಗೋಲಿನ ಮೇಲೆ ನಡೆದ ಮನುಷ್ಯ.

ಈ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟ ಕೂಡಲೇ ಮನಸ್ಸು ಕಥೆ ಕಟ್ಟಲು ಹೊರಡುತ್ತದೆ. ನನಗೆ ಆ ಕಥೆ ಬೇಡ. ದೇಹದಲ್ಲಿ ಕಂಡದ್ದನ್ನೇ ಹೆಸರಾಗಿಸುವುದು ಆ ಕಾಲದ ಪ್ರಾಣಿಶಾಸ್ತ್ರದ ರೂಢಿ; ಚಿಲ್ಟನ್‌ಗೆ ಕಂಡದ್ದು ಕಾಲಿನ ಕೊರತೆ, ಅದನ್ನೇ ಬರೆದ. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ: ಇಲ್ಲದ ಒಂದು ಅಂಗವನ್ನು ಮನುಷ್ಯರು ಹೇಗೆಲ್ಲ ಓದಿದರು, ಆ ಓದು ನೂರ ನಲವತ್ತು ವರ್ಷಗಳಲ್ಲಿ ಹೇಗೆ ಬದಲಾಯಿತು ಎಂಬುದು. ನಾನು ಕುಡಿಯುವ ನೀರೂ ಆ ಕಥೆಯೊಳಗೆ ಬರುತ್ತದೆ ಎಂಬುದು ಇನ್ನೊಂದು ಕಾರಣ.

ಮೊದಲು ಜಾಗದ ಪರಿಚಯ ಆಗಲಿ. ನಾನಿರುವ ಕ್ರೈಸ್ಟ್‌ಚರ್ಚ್ ನಗರ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಪೂರ್ವ ಕರಾವಳಿಯಲ್ಲಿದೆ. ಬೆನ್ನಿಗೆ ಕ್ಯಾಂಟರ್ಬರಿ ಬಯಲು, ಅದರಾಚೆ ಹಿಮ ಹೊತ್ತ ದಕ್ಷಿಣ ಆಲ್ಪ್ಸ್. ಬಯಲು ಎಂದರೆ ನಮ್ಮ ಬಯಲುಸೀಮೆಯ ಹಾಗೆ ಬಂಡೆಯ ಮೇಲೆ ತೆಳ್ಳಗೆ ಹಾಸಿದ ಮಣ್ಣಲ್ಲ. ವೈಮಕರಿರಿ, ರಕಾಯಾ, ರಂಗಿಟಾಟಾ ನದಿಗಳು ಹಿಮಯುಗಗಳ ಉದ್ದಕ್ಕೂ ಪರ್ವತವನ್ನು ಅರೆದು ತಂದು ಸುರಿದ ಜಲ್ಲಿಯ ರಾಶಿ ಅದು. ನೂರಾರು ಮೀಟರ್ ದಪ್ಪ. ನುಣ್ಣನೆಯ ಬೂದು ಕಲ್ಲು, ಕಲ್ಲಿನ ಸಂದಿಗೆ ಮರಳು, ಮರಳಿನ ಸಂದಿಗೆ ನೀರು. ವೈಮಕರಿರಿ ಎಂದರೆ ಮಾವೊರಿ ಭಾಷೆಯಲ್ಲಿ ‘ತಣ್ಣೀರು’. ಆ ನದಿಯ ನೀರಿನ ಒಂದು ಪಾಲು ನೆಲದ ಮೇಲೆ ಕಡಲಿಗೆ ಹರಿಯುತ್ತದೆ. ಇನ್ನೊಂದು ಪಾಲು ಪಾತ್ರದಿಂದಲೇ ಇಂಗಿ, ಜಲ್ಲಿಯೊಳಗೆ ನಿಧಾನವಾಗಿ ಪೂರ್ವಕ್ಕೆ ನಡೆಯುತ್ತದೆ. ನಗರದ ಕೆಳಗೆ ಬರುವ ಹೊತ್ತಿಗೆ ಅದರ ಮೇಲೆ ಜೇಡಿಯ ಪದರಗಳು ಮುಚ್ಚಳ ಹಾಕಿರುವುದರಿಂದ ಒತ್ತಡ ಕೂಡಿರುತ್ತದೆ. ಕೊಳವೆ ಇಳಿಸಿದರೆ ತಾನಾಗಿ ಉಕ್ಕುತ್ತದೆ. ಬ್ರಿಟಿಷ್ ವಲಸಿಗರು ಹತ್ತೊಂಬತ್ತನೆಯ ಶತಮಾನದಲ್ಲಿ ಈ ಗುಟ್ಟು ತಿಳಿದ ಮೇಲೆ ಊರ ತುಂಬ ಕೊಳವೆ ನೆಟ್ಟರು. ಒಳನಾಡಿನ ಬೇಸಾಯದ ಮನೆಗಳಲ್ಲಿ ಆಳ ಹೆಚ್ಚಿಲ್ಲದ ಬಾವಿ, ಅದಕ್ಕೊಂದು ಪಂಪು.

ಅಂಥ ಒಂದು ಮನೆ ವೈಮಕರಿರಿಯ ಉತ್ತರಕ್ಕೆ ಐರ್‌ಟನ್ ಎಂಬ ಹಳ್ಳಿಯಲ್ಲಿತ್ತು. ಚಿಲ್ಟನ್‌ನ ಅಪ್ಪನದು. ಇಂಗ್ಲೆಂಡಿನ ಹೆರೆಫರ್ಡ್‌ಷೈರಿನಲ್ಲಿ 1860ರಲ್ಲಿ ಹುಟ್ಟಿದ ಹುಡುಗ, ಎರಡು ವರ್ಷದ ಕೂಸಾಗಿ ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದಿದ್ದ. ಕ್ರೈಸ್ಟ್‌ಚರ್ಚಿನ ಕ್ಯಾಂಟರ್ಬರಿ ಕಾಲೇಜಿನಲ್ಲಿ ಪ್ರೊಫೆಸರ್ ಹಟನ್ ಎಂಬವರ ಕೈಕೆಳಗೆ ಪ್ರಾಣಿಶಾಸ್ತ್ರ ಕಲಿತು 1881ರಲ್ಲಿ ಎಂ.ಎ. ಮುಗಿಸಿದ. ಅವನಿಗೆ ಒಲಿದದ್ದು ಏಡಿ-ಸೀಗಡಿಗಳ ಕುಲ, ಪಠ್ಯಪುಸ್ತಕಗಳು ಕಠಿಣಚರ್ಮಿ ಎಂದು ಕರೆಯುವ ಗುಂಪು. ಅದರಲ್ಲೂ ಯಾರೂ ತಿನ್ನದ, ಯಾರೂ ಹಿಡಿಯದ ಸಣ್ಣಪುಟ್ಟವು. ಬೆಟ್ಟ ಹತ್ತಿ ಕಾಡು ಅಲೆದು ಮಾದರಿ ಸಂಗ್ರಹಿಸುವುದು ಊರುಗೋಲಿನವನಿಗೆ ಸುಲಭವಲ್ಲ. ಈ ಸಲ ಮಾದರಿಗಳೇ ಮನೆಯ ಪಂಪಿನ ಬಾಯಿಗೆ ಬಂದವು.

1882ರ ಬರಹದಲ್ಲಿ ಆ ಬಾವಿಯ ಹೊಸ ಜೀವಿಗಳಿವೆ. ಕೆಲವು ಆಂಫಿಪಾಡ್ ಗುಂಪಿನವು, ಅಂದರೆ ಪಕ್ಕದಿಂದ ಒತ್ತಿದಂತೆ ಚಪ್ಪಟೆಯಾಗಿ ಬೆನ್ನು ಬಾಗಿಸಿಕೊಂಡಿರುವ ಸೀಗಡಿಯಂಥವು. ಇನ್ನೊಂದು ನಮ್ಮ ಕ್ರುರೆಜೆನ್ಸ್. ಇದು ಐಸೊಪಾಡ್ ಗುಂಪಿನದು. ಐಸೊಪಾಡನ್ನು ನೀವೆಲ್ಲ ನೋಡಿದ್ದೀರಿ: ಹೂಕುಂಡ ಎತ್ತಿದಾಗ ಅಡಿಯ ತೇವದಲ್ಲಿ ಗಡಿಬಿಡಿಯಿಂದ ಓಡುವ, ಕೆಲವು ಜಾತಿಯಲ್ಲಿ ಮುಟ್ಟಿದರೆ ಉಂಡೆಯಾಗುವ ಬೂದು ಬಣ್ಣದ ಹುಳ ಇದೆಯಲ್ಲ, ಅದೇ. ಅದು ಹುಳವೂ ಅಲ್ಲ, ಸಹಸ್ರಪದಿಯ ಮರಿಯೂ ಅಲ್ಲ. ನೀರು ಬಿಟ್ಟು ನೆಲಕ್ಕೆ ಬಂದ ಏಡಿಯ ದಾಯಾದಿ. ಹೆಸರಿನ ಅರ್ಥ ‘ಸಮಪಾದಿ’. ಎದೆಯ ಏಳು ಖಂಡಗಳಿಗೆ ಏಳು ಜೊತೆ ನಡೆಗಾಲು, ಎಲ್ಲವೂ ಸುಮಾರಾಗಿ ಒಂದೇ ತೆರ. ಹತ್ತು ಸಾವಿರಕ್ಕೂ ಹೆಚ್ಚು ಬಗೆಗಳಿರುವ ಈ ಗುಂಪಿಗೆ ಏಳು ಎಂಬುದು ಮನೆತನದ ಗುರುತಿದ್ದಂತೆ.

ಕ್ರುರೆಜೆನ್ಸ್‌ಗೆ ಆರೇ ಜೊತೆ.

ನಾನು ಊರಲ್ಲಿದ್ದಾಗ ಜೀವಶಾಸ್ತ್ರದ ಉಪನ್ಯಾಸಕ. ಇಲ್ಲಿಗೆ ಬಂದ ಮೇಲೆ ಒಂದು ಶಾಲೆಯ ಪ್ರಯೋಗಾಲಯ ನೋಡಿಕೊಳ್ಳುವವನು. ಹಾಗಾಗಿ ಸೂಕ್ಷ್ಮದರ್ಶಕ ಕೈಗೆಟುಕುವಷ್ಟು ದೂರದಲ್ಲೇ ಇರುತ್ತದೆ. ಅಂತರ್ಜಲ ಅಧ್ಯಯನ ಮಾಡುವ ಪರಿಚಿತರೊಬ್ಬರು ಸ್ಪಿರಿಟ್ಟಿನಲ್ಲಿಟ್ಟ ಒಂದು ಕ್ರುರೆಜೆನ್ಸನ್ನು ಒಮ್ಮೆ ನನಗೆ ನೋಡಲು ಕೊಟ್ಟರು. ಸುಮಾರು ಒಂದು ಸೆಂಟಿಮೀಟರ್ ಉದ್ದ. ಬರಿಗಣ್ಣಿಗೆ ತುಂಡಾದ ಬಿಳಿ ದಾರ. ಕೆಳಗಿನಿಂದ ಬೆಳಕು ಬಿಟ್ಟಾಗ ದಾರಕ್ಕೆ ಗಂಟುಗಳು ಮೂಡಿದವು: ತಲೆ, ಆಮೇಲೆ ಒಂದರ ಹಿಂದೊಂದು ಉದ್ದುದ್ದ ಕೊಳವೆಯಂಥ ಖಂಡಗಳು. ಹೂಕುಂಡದಡಿಯ ಬಂಧು ಅಗಲವಾಗಿ ಚಪ್ಪಟೆ. ಇದು ಸಪೂರ, ದುಂಡು. ಜಲ್ಲಿಯ ಸಂದಿಯಲ್ಲಿ ನುಸುಳಿ ಬಾಳುವವರಿಗೆ ಅಗಲ ದೇಹ ಇಟ್ಟುಕೊಂಡು ಆಗಬೇಕಾದ್ದು ಏನೂ ಇಲ್ಲ. ತಲೆಯಲ್ಲಿ ಕಣ್ಣಿಲ್ಲ, ಇದ್ದ ಕಣ್ಣು ಮಾಸಿದ ಗುರುತೂ ನನಗೆ ಕಾಣಲಿಲ್ಲ. ಮೈಗೆ ಬಣ್ಣವಿಲ್ಲ, ಒಳಗಿನ ಕರುಳು ಹೊರಗೆ ನೆರಳಾಗಿ ಕಾಣುತ್ತದೆ. ಮೊದಲ ಜೊತೆ ಕಾಲುಗಳ ತುದಿ ಉಬ್ಬಿ, ಉಗುರು ಹಿಂದಕ್ಕೆ ಮಡಚಿ ಹಿಡಿಕೆಯಾಗಿದೆ. ಬಾಯಿಯ ಭಾಗಗಳು ಅಗಿಯುವ ದವಡೆಗಳಾಗಿ ಉಳಿಯದೆ ಚೂಪಾಗಿ ಕೂಡಿಕೊಂಡು ಒಂದು ಶಂಕುವಾಗಿವೆ: ಚುಚ್ಚಿ ಹೀರುವ ಸಾಧನ. ಇಷ್ಟು ಸಾಧು ಕಾಣುವ ಈ ದಾರದ ತುಂಡು ಬೇಟೆಗಾರ ಕುಲದ್ದು ಎಂದು ಬಾಯಿ ನೋಡಿದರೇ ಗೊತ್ತಾಗುತ್ತದೆ.

ಬಾಲದ ಕಡೆ ನನಗೆ ಬಹಳ ಹೊತ್ತು ಬೇಕಾಯಿತು. ಈ ಉಪಗುಂಪಿನ ಮಾದರಿ ಕುಲಕ್ಕೆ ಗ್ರೀಕಿನಲ್ಲಿ ‘ಹೂಬಾಲ’ ಎಂಬರ್ಥದ ಆಂಥೂರಾ ಎಂಬ ಹೆಸರಿದೆ. ಬಾಲದ ಪಕ್ಕದ ಎರಡು ಉಪಾಂಗಗಳ ಹೊರ ಎಸಳುಗಳು ಮೇಲಕ್ಕೆ ಮಗುಚಿ ನಡುವಿನ ಫಲಕದ ಮೇಲೆ ಕಮಾನಾಗುತ್ತವೆ. ಹಿಂದಿನಿಂದ ನೋಡಿದರೆ ಅರೆ ಬಿರಿದ ಮೊಗ್ಗು. ಕತ್ತಲಲ್ಲಿ, ಕಣ್ಣಿಲ್ಲದ ನೆರೆಹೊರೆಯ ನಡುವೆ, ಬಾಲದಲ್ಲಿ ಹೂ ಇಟ್ಟುಕೊಂಡು ಓಡಾಡುವುದು! ಬಾಲದ ಕೆಳಗೆ ತೆಳ್ಳನೆಯ ಎಲೆಗಳಂಥ ಕಿರುಗಾಲುಗಳು. ಐಸೊಪಾಡುಗಳು ಉಸಿರಾಡುವುದು ಇವುಗಳಿಂದಲೇ. ಬದುಕಿರುವಾಗ ಸದಾ ಬಡಿಯುತ್ತ ನೀರಾಡಿಸುತ್ತಿರುತ್ತವೆ.

ಇನ್ನು ಕಾಲು. ಒಂದು, ಎರಡು, ಎಂದು ಸೂಜಿಯ ಮೊನೆಯಿಂದ ಎಣಿಸುತ್ತ ಹೋದರೆ ಆರನೆಯ ಖಂಡದವರೆಗೆ ಎಲ್ಲ ಸರಿ. ಏಳನೆಯ ಖಂಡ ಇದೆ, ಆದರೆ ಗಿಡ್ಡ; ಅಡಿಯಲ್ಲಿ ಏನೂ ಇಲ್ಲ. ಮುರಿದ ಕಾಲಿನ ಬುಡವಿಲ್ಲ, ಗಾಯವಿಲ್ಲ. ಅಲ್ಲಿ ಕಾಲು ಇದ್ದೇ ಇರಲಿಲ್ಲ ಎಂಬಂತೆ ನಯ.

ಇದನ್ನು ಅರ್ಥ ಮಾಡಿಕೊಳ್ಳಲು ಐಸೊಪಾಡಿನ ಬಾಣಂತಿತನ ತಿಳಿದಿರಬೇಕು. ಬಹುಪಾಲು ಏಡಿ-ಸೀಗಡಿಗಳ ಮರಿ ತಾಯಿಯಂತಿರುವುದಿಲ್ಲ. ತೇಲುವ ಲಾರ್ವವಾಗಿ ಹುಟ್ಟಿ, ಹಲವು ರೂಪ ತಳೆದು ದೊಡ್ಡದಾಗುತ್ತದೆ. ಐಸೊಪಾಡಿನ ತಾಯಿಗೆ ಎದೆಯಡಿ ಫಲಕಗಳು ಜೋಡಿಸಿಕೊಂಡು ಆದ ಒಂದು ಚೀಲವಿರುತ್ತದೆ. ಮೊಟ್ಟೆ ಅದರೊಳಗೇ ಒಡೆದು, ಮರಿ ಅದರೊಳಗೇ ಬೆಳೆದು, ತಾಯಿಯ ಕಿರುಪ್ರತಿಯಾಗಿ ಹೊರಬರುತ್ತದೆ. ಒಂದೇ ಒಂದು ವ್ಯತ್ಯಾಸ: ಹೊರಬಂದ ಮರಿಗೆ ಏಳನೆಯ ಜೊತೆ ಕಾಲು ಇನ್ನೂ ಮೂಡಿರುವುದಿಲ್ಲ. ಮುಂದಿನ ಪೊರೆ ಕಳಚುವಿಕೆಗಳಲ್ಲಿ ಅದು ಬರುತ್ತದೆ. (ಪೊರೆ ಕಳಚುವುದರಲ್ಲೂ ಇವಕ್ಕೆ ಒಂದು ವಿಚಿತ್ರ ಇದೆ: ಮೊದಲು ಹಿಂದಿನ ಅರ್ಧ, ಸ್ವಲ್ಪ ಕಾಲ ಬಿಟ್ಟು ಮುಂದಿನ ಅರ್ಧ. ಒಂದೇ ಸಲ ಪ್ಯಾಂಟು ಅಂಗಿ ಎರಡನ್ನೂ ಬಿಚ್ಚದ ಸಂಕೋಚದವರಂತೆ.) ಈ ಮರಿಯ ಹಂತವನ್ನು ಪ್ರಾಣಿಶಾಸ್ತ್ರದಲ್ಲಿ ಮಾಂಕಾ ಎನ್ನುತ್ತಾರೆ. ಹಾಗಾದರೆ ಕ್ರುರೆಜೆನ್ಸ್ ಏನು? ಮೊಟ್ಟೆಯಿಡುವಷ್ಟು ದೊಡ್ಡದಾದರೂ ಆ ಒಂದು ಅಂಗದ ಮಟ್ಟಿಗೆ ಮಗುವಾಗಿಯೇ ಉಳಿದ ಪ್ರಾಣಿ. ಅದು ಕಾಲು ಕಳೆದುಕೊಳ್ಳಲಿಲ್ಲ; ಕಾಲು ಬರುವ ಹಂತಕ್ಕೆ ಹೋಗಲೇ ಇಲ್ಲ. ಇದು ಕತ್ತಲಿನ ಶಾಪವೂ ಅಲ್ಲ, ಏಕೆಂದರೆ ಬೆಳಕಿರುವ ಕಡಲಲ್ಲಿ ವಾಸಿಸುವ ಇದರ ಕೆಲವು ಬಂಧುಗಳಲ್ಲೂ ಏಳನೆಯ ಜೊತೆ ಇಲ್ಲ.

ಕಣ್ಣಿನ ಕಥೆ ಬೇರೆ. ಕಾಲಿನ ಕೊರತೆಯನ್ನೂ ಕಣ್ಣಿನ ಕೊರತೆಯನ್ನೂ ಒಂದೇ ಚೀಲಕ್ಕೆ ಹಾಕಿ ‘ಅವನತಿ’ ಎಂದು ಚೀಟಿ ಅಂಟಿಸುವುದು ಸುಲಭವಿತ್ತು, ಮತ್ತು ಆ ಕಾಲಕ್ಕೆ ಅದು ಫ್ಯಾಷನ್ನೂ ಆಗಿತ್ತು. ಡಾರ್ವಿನ್ 1859ರ ತನ್ನ ಗ್ರಂಥದಲ್ಲಿ ಗುಹೆಯ ಕುರುಡು ಪ್ರಾಣಿಗಳ ವಿಚಾರ ಎತ್ತಿ, ಕಣ್ಣು ಹೋದದ್ದು ಬಳಸದೆ ಬಿಟ್ಟದ್ದರಿಂದ ಎಂದಿದ್ದ. ನೈಸರ್ಗಿಕ ಆಯ್ಕೆಯ ಪ್ರತಿಪಾದಕನೇ ಇಲ್ಲಿ ಆಯ್ಕೆಯನ್ನು ಬದಿಗಿಟ್ಟದ್ದು ಸ್ವಾರಸ್ಯ. ಅಮೆರಿಕದ ಆಲ್ಫಿಯಸ್ ಪ್ಯಾಕರ್ಡ್ ಕೆಂಟಕಿಯ ಮ್ಯಾಮತ್ ಗುಹೆಯ ಕುರುಡು ಐಸೊಪಾಡನ್ನು 1871ರಲ್ಲಿ ವರ್ಣಿಸಿ, ಮುಂದೆ ಗುಹಾಜೀವಿಗಳನ್ನೆಲ್ಲ ‘ಬಳಸದ ಅಂಗ ಅಳಿಯುತ್ತದೆ’ ಎಂಬ ಲಾಮಾರ್ಕ್‌ವಾದಕ್ಕೆ ಸಾಕ್ಷಿಯಾಗಿ ನಿಲ್ಲಿಸಿದ. ಅದರ ಬೆನ್ನಿಗೆ ಬರುವ ಮಾತು ಗೊತ್ತೇ ಇದೆ: ಕತ್ತಲಲ್ಲಿ ಕೂತವರು ಕುಗ್ಗುತ್ತಾರೆ. ಈ ಮಾತನ್ನು ಪ್ರಾಣಿಗಳಿಂದ ಮನುಷ್ಯರಿಗೆ ದಾಟಿಸಿಕೊಳ್ಳಲು ಆ ಶತಮಾನಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಚಿಲ್ಟನ್ ನನಗೆ ಇಷ್ಟವಾಗುವುದು ಇಲ್ಲಿ. ಅವನು ಗದ್ದಲದ ವಾದಕ್ಕಿಂತ ಭಾಗಗಳ ಚಿತ್ರಕ್ಕೆ ಹೆಚ್ಚು ಹೊತ್ತು ಕೊಟ್ಟವನು. ಶಾಲಾಮಾಸ್ತರನಾಗಿ, 1888ರಿಂದ ಡುನೆಡಿನ್ ಬಳಿಯ ಪೋರ್ಟ್ ಚಾಮರ್ಸ್ ಶಾಲೆಯ ಮುಖ್ಯಸ್ಥನಾಗಿ ದುಡಿಯುತ್ತ, ಉಳಿದ ಸಮಯದಲ್ಲಿ ಒಂದೊಂದೇ ಉಪಾಂಗ ಬಿಡಿಸಿ, ಗಾಜಿನ ಮೇಲಿಟ್ಟು, ಕೂದಲು ಕೂದಲಾಗಿ ಬಿಡಿಸಿ ಬರೆದ. 1893ರಲ್ಲಿ ನ್ಯೂಜಿಲೆಂಡ್ ವಿಶ್ವವಿದ್ಯಾಲಯದ ಡಿ.ಎಸ್‌ಸಿ. ಅವನಿಗೆ ಬಂತು, ಅಲ್ಲಿ ಆ ಪದವಿ ಪಡೆದ ಮೊದಲಿಗ ಅವನೇ. 1894ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿ ಅವನ ದೊಡ್ಡ ಪ್ರಬಂಧವನ್ನು ಚಿತ್ರಫಲಕಗಳ ಸಮೇತ ಅಚ್ಚು ಹಾಕಿತು: ನ್ಯೂಜಿಲೆಂಡಿನ ನೆಲದಡಿಯ ಕಠಿಣಚರ್ಮಿಗಳ ಬಗ್ಗೆ, ಜೊತೆಗೆ ಲೋಕದ ಗುಹೆ-ಬಾವಿಗಳ ಜೀವಿಗಳ ಬಗ್ಗೆ. ಅಲ್ಲಿ ಅವನು ಹಿಡಿದ ಮುಖ್ಯ ಪ್ರಶ್ನೆ ‘ಇವು ಏನನ್ನು ಕಳೆದುಕೊಂಡಿವೆ’ ಎಂಬುದಕ್ಕಿಂತ ‘ಇವು ಎಲ್ಲಿಂದ ಬಂದವು’ ಎಂಬುದು. ಕ್ರುರೆಜೆನ್ಸಿನ ಹತ್ತಿರದ ಬಂಧುಗಳೆಲ್ಲ ಬಹುತೇಕ ಕಡಲಿನವರು. ಅಂದರೆ ಅದರ ಪೂರ್ವಜರು ಉಪ್ಪುನೀರು ಬಿಟ್ಟು, ದಡದ ಮರಳಿನ ಸಂದಿಯಿಂದ ಒಳಗೊಳಗೇ ಸಿಹಿನೀರಿಗೆ ಬಂದಿರಬೇಕು. ಹೂಬಾಲ, ಚುಚ್ಚುಬಾಯಿ, ಮಗುವಿನ ಕಾಲೆಣಿಕೆ ಎಲ್ಲವೂ ಕಡಲಿನ ಮನೆಯಿಂದ ಹೊತ್ತು ತಂದ ಸಾಮಾನು. ಕಣ್ಣು ಮತ್ತು ಬಣ್ಣ ಮಾತ್ರ ದಾರಿಯಲ್ಲಿ ಬಿಟ್ಟವು. (ಅನಿವಾಸಿ ಬರಹಗಾರನ ಕೈಗೆ ಸಿಕ್ಕ ಯಾವ ಪ್ರಾಣಿಯೂ ವಲಸೆಯ ರೂಪಕವಾಗದೆ ತಪ್ಪಿಸಿಕೊಳ್ಳುವುದು ಕಷ್ಟ. ಇದನ್ನು ನಾನು ಬಿಟ್ಟುಬಿಡುತ್ತಿದ್ದೇನೆ.)

ಮುಂದೆ ಚಿಲ್ಟನ್ ಮೂವತ್ತೈದರ ವಯಸ್ಸಿನಲ್ಲಿ ಎಡಿನ್‌ಬರೊಗೆ ಹೋಗಿ ವೈದ್ಯಕೀಯ ಓದಿ, ಕಣ್ಣಿನ ವೈದ್ಯನಾಗಿ 1901ರಲ್ಲಿ ಕ್ರೈಸ್ಟ್‌ಚರ್ಚಿಗೆ ಮರಳಿದ. ಕಣ್ಣಿಲ್ಲದ ಪ್ರಾಣಿಗಳ ವಿವರಕಾರ ಕಣ್ಣಿನ ಡಾಕ್ಟರನಾದ ಎಂಬುದನ್ನು ಯಾರಾದರೂ ಕಾದಂಬರಿಯಲ್ಲಿ ಬರೆದರೆ ಅತಿಯಾಯಿತು ಎನ್ನುತ್ತಿದ್ದೆವು. 1903ರಲ್ಲಿ ತಾನು ಓದಿದ ಕಾಲೇಜಿನಲ್ಲೇ ಜೀವಶಾಸ್ತ್ರದ ಪ್ರೊಫೆಸರನಾದ; 1929ರಲ್ಲಿ ತೀರಿಕೊಂಡ.

ಐರ್‌ಟನ್ನಿನ ಬಾವಿ ಕೊಟ್ಟ ಇನ್ನೊಂದು ಐಸೊಪಾಡ್ ಇದೆ, ಮತ್ತು ಭಾರತದ ಕಡೆಗೆ ದಾರಿ ತೋರಿಸುವುದು ಅದು. 1883ರಲ್ಲಿ ಚಿಲ್ಟನ್ ಅದಕ್ಕೆ ಫ್ರಿಯಾಟಾಯಿಕಸ್ ಟಿಪಿಕಸ್ ಎಂದು ಹೆಸರಿಟ್ಟ. ‘ಬಾವಿಯೇ ಮನೆಯಾದದ್ದು’ ಎಂಬ ಅರ್ಥದ ಹೆಸರು. ಅದೂ ಕುರುಡು, ಅದೂ ಬಿಳಿ. ಆದರೆ ಆಕಾರ ಗೊಂದಲದ್ದು. ಮೊದಲ ನೋಟಕ್ಕೆ ಆಂಫಿಪಾಡ್: ಬೆನ್ನು ಬಾಗಿದೆ, ಹಿಂಭಾಗ ಪಕ್ಕದಿಂದ ಒತ್ತಿದಂತಿದೆ, ನಾಲ್ಕು ಜೊತೆ ಕಾಲು ಮುಂದಕ್ಕೆ ಮೂರು ಜೊತೆ ಹಿಂದಕ್ಕೆ ಮುಖ ಮಾಡಿವೆ. ಬಿಡಿಸಿ ನೋಡಿದರೆ ಉಸಿರಾಟದ ಎಲೆಗಳು ಬಾಲದಡಿ ಇವೆ, ಅಂದರೆ ಐಸೊಪಾಡ್. ಕಾಲಿನ ಲೆಕ್ಕ ಸರಿಯಾಗಿ ಏಳು. ಇದು ಯಾವ ಮನೆತನಕ್ಕೂ ಸೇರದೆ ಒಂಟಿಯಾಗಿ ನಿಂತಿತು.

ಒಂಟಿತನ ಹೆಚ್ಚು ದಿನ ಉಳಿಯಲಿಲ್ಲ. ಆಸ್ಟ್ರೇಲಿಯದ ಅತಿ ಎತ್ತರದ ಕೊಸಿಯಸ್ಕೊ ಬೆಟ್ಟದ ಮೇಲಿನ ನೀರಿನಿಂದ ಬಂದ ಮಾದರಿಯನ್ನು 1891ರಲ್ಲಿ ಚಿಲ್ಟನ್‌ನೇ ವರ್ಣಿಸಿದ. ಅದೇ ಕುಲ, ಆದರೆ ಕಣ್ಣಿದೆ, ಬಣ್ಣವಿದೆ. ಬಾವಿಯ ಪ್ರಾಣಿಯ ದೊಡ್ಡಪ್ಪನ ಮಗ ಬಿಸಿಲಲ್ಲಿ, ಬೆಟ್ಟದ ನೆತ್ತಿಯ ಮೇಲೆ! ಆಮೇಲೆ ಟಾಸ್ಮೇನಿಯದಿಂದ ಇನ್ನೊಂದನ್ನು ಡುನೆಡಿನ್ನಿನ ಜಿ. ಎಂ. ಥಾಮ್ಸನ್ ಎಂಬ ಮತ್ತೊಬ್ಬ ಶಾಲಾಮಾಸ್ತರ ವರ್ಣಿಸಿದ. 1914ರಲ್ಲಿ ದಕ್ಷಿಣ ಆಫ್ರಿಕದ ಕೇಪ್ ಪ್ರಾಂತ್ಯದಿಂದ ಬಾರ್ನಾರ್ಡ್ ಮಗದೊಂದನ್ನು ತೋರಿಸಿದ. 1918ರಲ್ಲಿ ಸಿಡ್ನಿ ಪ್ರದೇಶದ ವಿಯಾನಮಟ್ಟಾ ಶೇಲ್ ಎಂಬ ಪದರುಗಲ್ಲಿನಿಂದ ಇದೇ ಕುಲದ ಪಳೆಯುಳಿಕೆ ಬಂತು. ಅದನ್ನು ಗುರುತಿಸಿದವನೂ ಚಿಲ್ಟನ್‌ನೇ. ಆ ಕಲ್ಲು ಟ್ರಯಾಸಿಕ್ ಕಾಲದ್ದು, 20 ಕೋಟಿ ವರ್ಷಕ್ಕೂ ಹಿಂದಿನದು. ಇನ್ನೂ ಮುಂದೆ, 1970ರಲ್ಲಿ, ಅಮೆರಿಕದ ಇಲಿನಾಯ್‌ನ ಸುಮಾರು 30 ಕೋಟಿ ವರ್ಷ ಹಳೆಯ ಕಡಲ ಕೆಸರಿನ ಪಳೆಯುಳಿಕೆಯಲ್ಲೂ ಇದೇ ಮನೆತನದ ಮುಖ ಕಂಡಿತು. ಐಸೊಪಾಡುಗಳಲ್ಲಿ ಅತಿ ಹಳೆಯದೆಂದು ತಿಳಿದದ್ದು ಅದೇ.

ಸಿಹಿನೀರಿಗೆ ಒಗ್ಗಿಹೋದ, ಕಡಲು ದಾಟಲಾರದ ಒಂದು ಪ್ರಾಣಿ ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ ಮೂರರಲ್ಲೂ ಇದೆ ಎಂದರೆ ಒಂದೋ ಈ ನೆಲಗಳ ನಡುವೆ ಹಿಂದೆ ಸೇತುವೆಗಳಿದ್ದವು, ಇಲ್ಲವೇ ನೆಲಗಳೇ ಕೂಡಿದ್ದವು. ಚಿಲ್ಟನ್‌ನ ಪೀಳಿಗೆ ಅಂಟಾರ್ಕ್ಟಿಕದ ಮೂಲಕ ಹಾದುಹೋಗುವ ಪುರಾತನ ನೆಲದ ನಂಟಿನ ಬಗ್ಗೆ ಗಂಭೀರವಾಗಿ ಚರ್ಚಿಸಿತು. ಉಪ-ಅಂಟಾರ್ಕ್ಟಿಕ್ ದ್ವೀಪಗಳ ಬಗ್ಗೆ 1909ರಲ್ಲಿ ಬಂದ ಎರಡು ಸಂಪುಟಗಳನ್ನು ಸಂಪಾದಿಸಿದವನು ಅವನೇ. ಖಂಡಗಳೇ ಚಲಿಸಿದವು ಎಂಬುದು ಎಲ್ಲರೂ ಒಪ್ಪಿದ ಮಾತಾಗಲು ಮತ್ತೆ ಅರ್ಧ ಶತಮಾನ ಬೇಕಾಯಿತು. ಕೂಡಿದ್ದ ಆ ದೊಡ್ಡ ನೆಲಕ್ಕೆ ಗೊಂಡ್ವಾನ ಎಂಬ ಹೆಸರು ನಮ್ಮ ಗೊಂಡರ ನಾಡಿನಿಂದಲೇ ಬಂದದ್ದು. ಹಾಗಿದ್ದರೆ ಭಾರತದಲ್ಲೂ ಈ ಪ್ರಾಣಿ ಇರಬೇಡವೇ?

ಇತ್ತು, ಕಾಶಿಯ ಬಾವಿಗಳಲ್ಲಿ. ಎರಡನೆಯ ಮಹಾಯುದ್ಧದ ಹೊತ್ತಿಗೆ, 1942ರಲ್ಲಿ, ಭಾರತೀಯ ಪ್ರಾಣಿವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯನ್ನು ಕಲ್ಕತ್ತೆಯಿಂದ ಬನಾರಸಿಗೆ ಸಾಗಿಸಿದ್ದರು. ಮರುವರ್ಷವೇ ವರುಣಾ ನದಿಯ ನೆರೆ ನುಗ್ಗಿ ಸಂಗ್ರಹದ ದೊಡ್ಡ ಪಾಲು ಹಾಳಾಯಿತು. ಆ ಸಂಸ್ಥೆಯ ಬಿ. ಎನ್. ಚೋಪ್ರಾ ಮತ್ತು ಕೆ. ಕೆ. ತಿವಾರಿ ಬನಾರಸಿನ ಬಾವಿಗಳಿಂದ ದೊರೆತ ಕುರುಡು ಐಸೊಪಾಡನ್ನು 1950ರಲ್ಲಿ ಪ್ರಕಟಿಸಿದರು. ಕುಲಕ್ಕೆ ಈ ಗುಂಪಿನ ಮೇಲೆ ದೊಡ್ಡ ಗ್ರಂಥ ಬರೆದ ಆಸ್ಟ್ರೇಲಿಯದ ನಿಕಲ್ಸ್ ಅವರ ಹೆಸರು, ಜಾತಿಗೆ ಕಾಶಿಯ ಹೆಸರು: ನಿಕಲ್ಸಿಯಾ ಕಾಶಿಯೆನ್ಸೆ. 2011ರಲ್ಲಿ ಆಂಧ್ರಪ್ರದೇಶದ ಗುಹೆಯೊಂದರಿಂದ ಮತ್ತೊಂದು ಕುಲ ಬಂತು, ಆಂಧ್ರಕಾಯ್ಡಿಸ್ ಎಂದು. ಅದನ್ನು ಬರೆದವರಲ್ಲಿ ಒಬ್ಬರು ಗುಂಟೂರಿನ ವೈ. ರಂಗಾರೆಡ್ಡಿ, ದಕ್ಷಿಣ ಭಾರತದ ಬೋರ್‌ವೆಲ್ಲು, ನದಿಮರಳಿನ ಅಡಿಯ ಕಿರುಜೀವಿಗಳನ್ನು ವರ್ಷಗಟ್ಟಲೆ ಸೋಸಿ ತೆಗೆದವರು.

ಈ ಕಾಶಿಯ ಸುದ್ದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ವಯಸ್ಸಿನ ಲೆಕ್ಕ. ಕಾಶಿ ನಿಂತಿರುವುದು ಗಂಗೆಯ ಮೆಕ್ಕಲು ಮಣ್ಣಿನ ಮೇಲೆ. ಭೂಮಿಯ ಲೆಕ್ಕದಲ್ಲಿ ಅದು ನಿನ್ನೆಯ ಮಣ್ಣು. ಕ್ಯಾಂಟರ್ಬರಿಯ ಜಲ್ಲಿಯೂ ಹಾಗೆಯೇ. ಒಳಗಿರುವ ಪ್ರಾಣಿಯ ವಂಶವೋ ಗೊಂಡ್ವಾನ ಒಡೆಯುವುದಕ್ಕೂ ಹಿಂದಿನದು. ಮನೆ ಹೊಸದು, ಒಕ್ಕಲು ಹಳೆಯದು. ನದಿ ಹೊಸ ಮಣ್ಣು ತಂದು ಹಾಸಿದಂತೆಲ್ಲ ಇವು ಹಳೆಯ ಸಂದಿಯಿಂದ ಹೊಸ ಸಂದಿಗೆ ಗುಳೆ ಹೋಗುತ್ತ, ನೀರಿನ ನಂಟು ಎಲ್ಲೂ ಕಡಿಯದಂತೆ ನೋಡಿಕೊಂಡಿವೆ. ನೀರಿನ ನಂಟು ಒಂದು ಕಡೆ ಕಡಿದರೆ ಅಲ್ಲಿಗೆ ಮತ್ತೆ ಬರುವ ದಾರಿ ಇವಕ್ಕಿಲ್ಲ. ಹಾರುವಂತಿಲ್ಲ, ತೇಲುವ ಮರಿಯಿಲ್ಲ.

ಈಗ ಕುಡಿಯುವ ನೀರಿನ ವಿಷಯ. ಬಾವಿಯ ನೀರಲ್ಲಿ ಪ್ರಾಣಿ ಕಂಡರೆ ಹೆದರುವುದು ಸಹಜ, ಮತ್ತು ನಮ್ಮ ಉತ್ತರ ಕರ್ನಾಟಕದವರಿಗೆ ಆ ಹೆದರಿಕೆಗೆ ಆಧಾರವೂ ಇತ್ತು. ಮೆಟ್ಟಿಲು ಬಾವಿಯ ನೀರಿನೊಂದಿಗೆ ಹೊಟ್ಟೆಗೆ ಹೋಗಿ, ವರ್ಷದ ಬಳಿಕ ಕಾಲಿನಿಂದ ದಾರದಂತೆ ಹೊರಬರುತ್ತಿದ್ದ ನಾರುಹುಣ್ಣಿನ ಹುಳುವನ್ನು ಹೊತ್ತು ತರುತ್ತಿದ್ದದ್ದು ಸೈಕ್ಲಾಪ್ಸ್. ಅದೂ ಒಂದು ಕಠಿಣಚರ್ಮಿ, ಒಂದು ಮಿಲಿಮೀಟರ್ ಗಾತ್ರದ್ದು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಮನೆ ಮನೆಗೆ ಹೇಳಿ, ಮೆಟ್ಟಿಲು ಬಾವಿಗಳನ್ನು ಬದಲಿಸಿ, ಭಾರತದ ಕೊನೆಯ ರೋಗಿ 1996ರಲ್ಲಿ ಕಂಡು, 2000ದಲ್ಲಿ ದೇಶ ಮುಕ್ತವೆಂದು ಘೋಷಣೆಯಾಯಿತು. ಯುರೋಪಿನಲ್ಲೂ ಬಾವಿಜೀವಿಗಳ ಅಧ್ಯಯನಕ್ಕೆ ಕುಡಿಯುವ ನೀರೇ ದಾರಿ ಮಾಡಿತು: ಚಿಲ್ಟನ್ ಬರೆದ ಅದೇ 1882ರಲ್ಲಿ ವೆಯ್ದೋವ್ಸ್ಕಿ ಎಂಬಾತ ಪ್ರಾಗ್ ನಗರದ ಬಾವಿಗಳ ಜೀವಿಗಳ ಮೇಲೆ ಪುಸ್ತಕ ತಂದ.

ಕ್ರೈಸ್ಟ್‌ಚರ್ಚಿನವರಿಗೆ ತಮ್ಮ ನೀರಿನ ಬಗ್ಗೆ ಇದ್ದ ಹೆಮ್ಮೆ ನಾನು ಬಂದ ಹೊಸದರಲ್ಲಿ ನನಗೆ ಅತಿ ಎನಿಸುತ್ತಿತ್ತು. ಜಲ್ಲಿಯೇ ಸೋಸಿದ ನೀರು, ಕ್ಲೋರಿನ್ ಬೇಡ, ಏನೂ ಬೇಡ. 2016ರಲ್ಲಿ ಉತ್ತರ ದ್ವೀಪದ ಹ್ಯಾವ್‌ಲಾಕ್ ನಾರ್ತ್ ಎಂಬ ಸುಮಾರು 14,000 ಜನರ ಊರಿನ ಬಾವಿಗೆ ಕುರಿಯ ಹಿಕ್ಕೆಯ ಸೋಂಕು ತಗಲಿ 5,000ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ನಾಲ್ವರ ಸಾವಿಗೂ ಅದಕ್ಕೂ ನಂಟಿತ್ತು. ಆಮೇಲೆ ನಮ್ಮ ಬಾವಿಗಳ ಬಾಯಿ ಎಷ್ಟು ಭದ್ರ ಎಂಬ ಪರಿಶೀಲನೆ ನಡೆದು, 2018ರಲ್ಲಿ ನಮ್ಮ ನಲ್ಲಿಗೂ ಕ್ಲೋರಿನ್ ಬಂತು. ಊರಿನವರು ಕೋಪಗೊಂಡರು. ಹೈದರಾಬಾದು, ಬೆಂಗಳೂರುಗಳ ನಲ್ಲಿ ನೀರು ಕುಡಿದು ಬೆಳೆದ ನಾವು ನಾಲ್ಕಾರು ಮನೆಯವರು ಮಾತ್ರ ‘ಆಹಾ, ಊರಿನ ರುಚಿ’ ಎಂದೆವು.

ಜಲ್ಲಿ ಸೋಸುತ್ತದೆ ಎಂಬುದು ಅರ್ಧ ಸತ್ಯ. ಕಲ್ಲಿಗಂಟಿದ ಲೋಳೆಯಲ್ಲಿರುವ ಬ್ಯಾಕ್ಟೀರಿಯ ಕೊಳಕನ್ನು ತಿನ್ನುತ್ತವೆ. ಆ ಲೋಳೆಯನ್ನೂ ಅದರೊಳಗಿನ ಸಾವಯವ ಚೂರನ್ನೂ ಫ್ರಿಯಾಟಾಯಿಕಸ್‌ನಂಥವು ಮೇಯುತ್ತವೆ. ಮೇಯುವವನ್ನು ಕ್ರುರೆಜೆನ್ಸ್‌ನಂಥವು ಹಿಡಿಯುತ್ತವೆ. ಸೋಸುವುದು ಈ ಇಡೀ ಸಂಸಾರ. ಹಾಗೆಂದು ಪ್ರಾಣಿ ಇದ್ದರೆ ನೀರು ಶುದ್ಧ ಎಂದು ಸರ್ಟಿಫಿಕೇಟು ಕೊಡುವ ಉತ್ಸಾಹಿಗಳ ಮಾತನ್ನೂ ನಾನು ಒಪ್ಪುವುದಿಲ್ಲ. ಕ್ರೈಸ್ಟ್‌ಚರ್ಚಿನ ಹೊರವಲಯದ ಟೆಂಪಲ್‌ಟನ್‌ನಲ್ಲಿ ಚರಂಡಿ ನೀರು ಇಂಗಿ ಕೆಟ್ಟ ಅಂತರ್ಜಲವನ್ನು ಸಿಂಟನ್ ಎಂಬವರು ಪರೀಕ್ಷಿಸಿ 1984ರಲ್ಲಿ ಬರೆದರು: ಅಲ್ಲಿ ಫ್ರಿಯಾಟಾಯಿಕಸ್ ತಿನ್ನಲು ಸಿಕ್ಕಿದ್ದರಿಂದ ದಂಡಿಯಾಗಿ ನೆರೆದಿತ್ತು. ಅಂದರೆ ಒಂದು ಮಿತಿಯವರೆಗೆ ಇವು ನಮ್ಮ ಹೊಲಸನ್ನು ಉಂಡು ಮುಗಿಸುತ್ತವೆ. ಆದರೆ ಉಸಿರಾಡಲು ನೀರಲ್ಲಿ ಆಮ್ಲಜನಕ ಉಳಿದಿರಬೇಕು. 1990ರ ದಶಕದಿಂದ ಈ ಬಯಲಿನಲ್ಲಿ ಕುರಿ ಹೋಗಿ ಹಾಲಿನ ಹಸು ಬಂದಿದೆ, ನೀರಾವರಿ ಬಂದಿದೆ. ಹಸುವಿನ ಗಂಜಲದ ಸಾರಜನಕ ನೈಟ್ರೇಟಾಗಿ ಇಂಗಿ ಬಾವಿಗೆ ಸೇರುತ್ತಿದೆ. ಕುಡಿಯುವ ನೀರಿಗೆ ಇಲ್ಲಿನ ಮಿತಿ ಲೀಟರಿಗೆ 11.3 ಮಿಲಿಗ್ರಾಂ ನೈಟ್ರೇಟ್-ಸಾರಜನಕ. ಬಾಟಲಿ ಹಾಲು ಕುಡಿಯುವ ಕೂಸುಗಳನ್ನು ನೆನೆದು ಇಟ್ಟ ಮಿತಿ ಅದು. ಜಲ್ಲಿಯೊಳಗಿನ ಕುರುಡು ಸಂಸಾರಕ್ಕೆ ಎಷ್ಟು ಸಹ್ಯ ಎಂದು ಯಾವ ಕಾನೂನೂ ಲೆಕ್ಕ ಹಾಕಿಲ್ಲ.

ಕಳೆದ ಚಳಿಗಾಲದಲ್ಲಿ ಹಾಸನ ಕಡೆಯ ಸ್ನೇಹಿತೆಯೊಬ್ಬರು ಫೋನ್ ಮಾಡಿದರು. ಅವರದು ವೈಮಕರಿರಿಯಾಚೆ ಹಳ್ಳಿಯಲ್ಲಿ ತೋಟದ ಮನೆ, ಸ್ವಂತ ಬಾವಿ. “ಫಿಲ್ಟರಿನಲ್ಲಿ ಬಿಳೀ ಹುಳ ಬಂದಿದೆ ಕಣ್ರೀ. ಅತ್ತೆ ಆ ನೀರಲ್ಲಿ ಅಡುಗೆ ಮಾಡಲ್ಲ ಅಂತ ಕೂತಿದ್ದಾರೆ. ಬಾವಿಗೆ ಬ್ಲೀಚಿಂಗ್ ಪೌಡರ್ ಸುರಿಸಿಬಿಡ್ಲಾ?”

“ಸುರೀಬೇಡಿ, ಮೊದಲು ನೀರು ಪರೀಕ್ಷೆಗೆ ಕಳಿಸಿ. ಅಲ್ಲೀವರೆಗೆ ಕುದಿಸಿ ಕುಡೀರಿ. ಹುಳ ಎಸೀಬೇಡಿ, ನನಗೆ ಬೇಕು” ಎಂದೆ.

ಕುದಿಸಿದರೆ ನೈಟ್ರೇಟು ಹೋಗುವುದಿಲ್ಲ ಎಂಬುದನ್ನೂ ಹೇಳಿದೆ. ಸೊಸೆಯ ತಂಗಿಯ ಆರು ತಿಂಗಳ ಮಗು ಮನೆಯಲ್ಲಿತ್ತು. ವರದಿ ಹತ್ತು ದಿನದಲ್ಲಿ ಬಂತು. ಮಲದ ಬ್ಯಾಕ್ಟೀರಿಯ ಇಲ್ಲ. ನೈಟ್ರೇಟು ಮಿತಿಯ ಅರ್ಧವನ್ನು ದಾಟಿತ್ತು. ಎರಡು ವರ್ಷದ ಹಿಂದಿನ ವರದಿಯಲ್ಲಿ ಅರ್ಧಕ್ಕಿಂತ ಕೆಳಗಿತ್ತಂತೆ. ಅವರು ಮಗುವಿನ ಹಾಲಿಗೆ ಅಂಗಡಿಯ ನೀರು ತರತೊಡಗಿದರು. ಅತ್ತೆ ಮೂರು ಪದರ ಪಂಚೆಯಲ್ಲಿ ಸೋಸಿ ಸಾರು ಮಾಡಲು ಒಪ್ಪಿದರು.

ಹುಳ ಒಂದು ಖಾಲಿ ಔಷಧಿ ಬಾಟಲಿಯಲ್ಲಿ, ಸ್ಪಿರಿಟ್ಟಿನಲ್ಲಿ ಮುಳುಗಿ, ನನ್ನ ಮೇಜಿಗೆ ಬಂತು. ಬೆನ್ನು ಬಾಗಿತ್ತು. ಸೂಜಿಯಿಂದ ಮಗುಚಿ ಎಣಿಸಿದೆ. ಏಳು ಜೊತೆ ಇದ್ದವು. ನಾಲ್ಕು ಮುಂದಕ್ಕೆ, ಮೂರು ಹಿಂದಕ್ಕೆ.